ಕೀಮೋ ನಡೆಯುತ್ತಿರುವ ಮಗಳನ್ನು ಬೇಸಿಗೆ ಶಿಬಿರಕ್ಕೆ ಕಳಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಜೋರಾದ ಕೀಮೋ ಎಲ್ಲ ಮುಗಿದು ಈಗ ಕಾಯಿಲೆ ಮರಳದಂತೆ ಕಡಿಮೆ ಔಷಧ ಕೊಡುವ ಮೇಂಟೆನೆನ್ಸ್ ಹಂತದಲ್ಲಿದ್ದಾಳೆ. ದೊಡ್ಡ ಕಾಯಿಲೆ ಇರುವ ಮಕ್ಕಳಿಗಾಗಿಯೇ ಒಂದು ವಾರದ ಬೇಸಿಗೆ ಶಿಬಿರ ಇದೆ, ಕಳಿಸಿ ಎಂದು ಆಸ್ಪತ್ರೆಯವರು ಹೇಳುತ್ತಿದ್ದಾರೆ. ನಮ್ಮವರು ಬೇಡವೇ ಬೇಡ ಅನ್ನುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಮಗುವನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಡುವುದೇ ಎಂಬುದು ಅವರ ಮಾತು. ನನಗೂ ಭಯ ಇದೆ. ಬರೀ ಕಾಯಿಲೆ ಮಕ್ಕಳನ್ನೇ ನೋಡಿ ಅವಳು ಇನ್ನೂ ಕುಗ್ಗಿಹೋದರೆ? ಅವಳ ಅಣ್ಣನಿಗೆ 13 ವರ್ಷ. ಅವನೂ ಈಚೆಗೆ ಮಾತು ಕಡಿಮೆ ಮಾಡಿದ್ದಾನೆ. ಶಿಬಿರದಿಂದ ನಿಜವಾಗಿ ಪ್ರಯೋಜನ ಇದೆಯಾ, ಇಲ್ಲ ಸುಮ್ನೆ ಒಂದು ವಾರದ ಮೋಜಾ?

ಉತ್ತರ: ಮಗಳು ಕುಗ್ಗಿಹೋಗುತ್ತಾಳೆ ಎಂಬ ಭಯದಿಂದಲೇ ಶುರು ಮಾಡೋಣ. ಹೆಚ್ಚುಕಡಿಮೆ ಎಲ್ಲ ಅಪ್ಪ ಅಮ್ಮಂದಿರೂ ಇದನ್ನು ಕೇಳುತ್ತಾರೆ. ಆದರೆ ಒಮ್ಮೆ ಅವಳ ಕಡೆಯಿಂದ ನೋಡಿ. ಈಗ ಅವಳು ಓಡಾಡುವ ಕಡೆಯೆಲ್ಲ ಕಾಯಿಲೆ ಇರುವುದು ಅವಳೊಬ್ಬಳಿಗೇ. ತರಗತಿಯಲ್ಲಿ ಹೊಸದಾಗಿ ಕೂದಲು ಬರುತ್ತಿರುವವಳು ಅವಳೊಬ್ಬಳೇ. ಆಟದ ಪಿರಿಯಡ್ಡಿನಲ್ಲಿ ಪಕ್ಕದಲ್ಲಿ ಕೂತು ನೋಡುವವಳೂ ಅವಳೇ. ಮನೆಗೆ ಬಂದವರು ದನಿ ತಗ್ಗಿಸಿ ಮಾತಾಡುವುದೂ ಅವಳ ಬಗ್ಗೆಯೇ. ಆಸ್ಪತ್ರೆಯಲ್ಲಿ ಅವಳಂಥ ಮಕ್ಕಳು ಇದ್ದಾರೆ, ನಿಜ. ಆದರೆ ಅಲ್ಲಿ ಅವರು ಮಲಗಿರುತ್ತಾರೆ, ಇಲ್ಲವೇ ಸೂಜಿಗೆ ಕಾಯುತ್ತಿರುತ್ತಾರೆ. ತನ್ನಂಥದ್ದೇ ಕಾಯಿಲೆ ಇರುವ ಹುಡುಗಿ ಹಗ್ಗ ಹಿಡಿದು ಗೋಡೆ ಹತ್ತುವುದನ್ನು, ಆಟದಲ್ಲಿ ಮೋಸ ಮಾಡಿ ಜಗಳ ಆಡುವುದನ್ನು, ದೀಪ ಆರಿಸಿದ ಮೇಲೂ ನಗುವುದನ್ನು ಅವಳು ಎಲ್ಲಿ ನೋಡಬೇಕು?

ಶಿಬಿರದಲ್ಲಿ ಲೆಕ್ಕ ತಿರುಗಾಮುರುಗಾ ಆಗುತ್ತದೆ. ರಾತ್ರಿ ಮಾತ್ರೆಯ ಹೊತ್ತಿಗೆ ಇಡೀ ಕೋಣೆಯೇ ಮಾತ್ರೆ ನುಂಗುತ್ತದೆ. ಎದೆಯಲ್ಲಿ ಪೋರ್ಟ್ (ಔಷಧ ಕೊಡಲು ಚರ್ಮದ ಕೆಳಗೆ ಇಟ್ಟ ಪುಟ್ಟ ಸಾಧನ) ಇರುವ ಹುಡುಗಿ ಬಟ್ಟೆ ಬದಲಿಸುವಾಗ ಗೋಡೆಯ ಕಡೆ ತಿರುಗಬೇಕಿಲ್ಲ. ಸುಸ್ತಾಯಿತು ಎಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಶಿಬಿರ ಕಾಯಿಲೆಯನ್ನು ಮರೆಸುತ್ತದೆ ಎಂದು ಪ್ರಚಾರದ ಹಾಳೆಗಳಲ್ಲಿ ಬರೆದಿರುತ್ತಾರೆ. ಆ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಮಕ್ಕಳು ಅಲ್ಲಿ ಏನನ್ನೂ ಮರೆಯುವುದಿಲ್ಲ. ಕಾಯಿಲೆ ಮಾಮೂಲಿ ಆಗುತ್ತದೆ, ಅಷ್ಟೇ. ಮಾಮೂಲಿ ಆದ ಮೇಲೆ ಅದರ ಬಗ್ಗೆ ಮಾತಾಡುವುದೂ ಸುಲಭ, ಮಾತಾಡದೆ ಇರುವುದೂ ಸುಲಭ. ಬಣ್ಣ ಹಚ್ಚುತ್ತಾ ಕೂತ ಮಕ್ಕಳು 'ನಿನಗೆ ಬೆನ್ನಿನ ಇಂಜೆಕ್ಷನ್ ಎಷ್ಟು ಸಲ ಆಯ್ತು?' ಎಂದು ಕೇಳಿಕೊಂಡು, ಉತ್ತರ ಪೂರ್ತಿ ಬರುವ ಮೊದಲೇ 'ಆ ನೀಲಿ ಬಣ್ಣ ಕೊಡು' ಅನ್ನುತ್ತಾರೆ. ಇಂಥ ಮಾತು ನಮ್ಮ ಜೊತೆ ಆಡಲು ಅವರಿಗೆ ಆಗುವುದಿಲ್ಲ. ಯಾಕಂದ್ರೆ ನಮ್ಮ ಮುಖ ಬದಲಾಗುವುದನ್ನು ಅವರು ನೋಡುತ್ತಿರುತ್ತಾರೆ.

ಇನ್ನೊಂದು ಲಾಭ ಇದೆ. ಇಂಥ ಶಿಬಿರಗಳಲ್ಲಿ ಸ್ವಯಂಸೇವಕರಾಗಿ ಬರುವವರಲ್ಲಿ ಹಲವರು ಒಂದು ಕಾಲಕ್ಕೆ ಅಲ್ಲಿಗೇ ಮಕ್ಕಳಾಗಿ ಬಂದವರು. ನಿಮ್ಮ ಮಗಳಿಗೆ ಇದ್ದಂಥದ್ದೇ ಕಾಯಿಲೆ ಬಂದು, ಗುಣವಾಗಿ, ಕಾಲೇಜಿಗೆ ಹೋಗುತ್ತಿರುವ ಅಕ್ಕ ಒಬ್ಬಳು ಅವಳ ಪಕ್ಕದ ಹಾಸಿಗೆಯಲ್ಲಿ ಮಲಗಿರಬಹುದು. 'ನೀನು ದೊಡ್ಡವಳಾಗುತ್ತೀಯ' ಎಂದು ನಾವು ವೈದ್ಯರು ಎಷ್ಟು ಸಲ ಹೇಳಿದರೂ ಅದಕ್ಕೆ ಈ ತೂಕ ಬರುವುದಿಲ್ಲ.

ಈ ಯೋಚನೆ ಹೊಸದಲ್ಲ. ಮನುಷ್ಯರಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟಿದ್ದು 1922ರಲ್ಲಿ. ಅಲ್ಲಿಯವರೆಗೆ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಬದುಕಲು ಶುರು ಮಾಡಿದ ಮೇಲೆ ಹೊಸ ತೊಂದರೆ ಬಂತು: ದಿನಾ ಸೂಜಿ ಚುಚ್ಚಿಕೊಂಡು, ಊಟ ಅಳೆದು ಬದುಕುವುದು ಹೇಗೆ? 1925ರಲ್ಲೇ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೆನರ್ಡ್ ವೆಂಟ್ ಎಂಬ ವೈದ್ಯರು ಇಂಥ ಮಕ್ಕಳಿಗಾಗಿ ಶಿಬಿರ ನಡೆಸಿದರು. ಕ್ಯಾನ್ಸರ್ ವಿಷಯದಲ್ಲೂ ಹೀಗೇ ಆಯಿತು. ಮಕ್ಕಳು ಹೆಚ್ಚು ಹೆಚ್ಚು ಬದುಕುಳಿಯತೊಡಗಿದ ಕಾಲದಲ್ಲೇ ಶಿಬಿರಗಳೂ ಹುಟ್ಟಿಕೊಂಡವು. ನ್ಯೂಯಾರ್ಕ್ ರಾಜ್ಯದ ಗ್ಯಾರಿ ಮರ್ವಿಸ್ ಎಂಬವರ ಮಗಳಿಗೆ ಮೆದುಳಿನ ಗೆಡ್ಡೆ ಇತ್ತು. ಅವಳಿಗೆ ಅವಳಂಥ ಮಕ್ಕಳ ಜೊತೆ ಸಿಗಲಿ ಎಂದು ಅವರು 1979ರಲ್ಲಿ ಕ್ಯಾಂಪ್ ಗುಡ್ ಡೇಸ್ ಶುರು ಮಾಡಿದರು. 1983ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಯಾಂಪ್ ಕ್ವಾಲಿಟಿ ಬಂತು. 1988ರಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಕನೆಕ್ಟಿಕಟ್‌ನಲ್ಲಿ ಒಂದು ಶಿಬಿರ ಕಟ್ಟಿಸಿದರು. ಕಾಯಿಲೆ ಮಕ್ಕಳೂ ಮನಸಾರೆ ಗಲಾಟೆ ಮಾಡುವ ಜಾಗ ಬೇಕು ಎಂಬುದು ಅವರ ಆಸೆ. 1994ರಲ್ಲಿ ಐರ್ಲೆಂಡಿನ ಹಳೆಯ ಕೋಟೆಯೊಂದರಲ್ಲಿ ಬ್ಯಾರೆಟ್ಸ್‌ಟೌನ್ ತೆರೆಯಿತು. ನ್ಯೂಮನ್ ಅವರದ್ದು, ಬ್ಯಾರೆಟ್ಸ್‌ಟೌನ್ ಮುಂತಾದ ಶಿಬಿರಗಳು ಸೇರಿ ಈಗ ಸೀರಿಯಸ್‌ಫನ್ ಎಂಬ ದೊಡ್ಡ ಜಾಲವೇ ಇದೆ. ಅದರ ಶಿಬಿರಗಳಲ್ಲಿ ಮನೆಯವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ನಿಮ್ಮ ಯಜಮಾನರ ಭಯಕ್ಕೆ ಬರುತ್ತೇನೆ. ಅದು ಸುಮ್ಮನೆ ತಳ್ಳಿಹಾಕುವ ಭಯ ಅಲ್ಲ. ಇಂಥ ಶಿಬಿರ ಎಂದರೆ ಆಟದ ಮೈದಾನದ ಹಿಂದೆ ಒಂದು ಸಣ್ಣ ಆಸ್ಪತ್ರೆ ಇರಬೇಕು. ಮಕ್ಕಳ ಕಣ್ಣಿಗೆ ಆ ಆಸ್ಪತ್ರೆ ಬೀಳದಿದ್ದಷ್ಟೂ ಒಳ್ಳೆಯದು, ದೊಡ್ಡವರು ಮಾತ್ರ ಅದನ್ನು ತಿರುಗಾಡಿ ನೋಡಬೇಕು. ವೈದ್ಯರು, ನರ್ಸ್ ರಾತ್ರಿಯೂ ಅಲ್ಲೇ ಇರುತ್ತಾರಾ? ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದಾರಾ? ಪೋರ್ಟ್‌ಗೆ ಸೂಜಿ ಹಾಕಲು ಬರುತ್ತದಾ? ಜ್ವರ ಬಂದರೆ ಏನು ಮಾಡುತ್ತೀರಿ?

ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಪೋರ್ಟ್ ಇರುವ, ಕೌಂಟ್ (ಸೋಂಕು ತಡೆಯುವ ಬಿಳಿ ರಕ್ತಕಣಗಳ ಸಂಖ್ಯೆ) ಇಳಿಯುವ ಸಾಧ್ಯತೆ ಇರುವ ಮಗುವಿಗೆ ಜ್ವರ ಬಂದರೆ 'ಪ್ಯಾರಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ' ಅನ್ನುವಂತಿಲ್ಲ. ರಕ್ತ ಪರೀಕ್ಷೆ, ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಎಂಬ ಪರೀಕ್ಷೆ), ಒಂದು ಗಂಟೆಯೊಳಗೆ ಆಂಟಿಬಯಾಟಿಕ್, ದಾಖಲಿಸಿಕೊಳ್ಳಲು ಯಾವ ಆಸ್ಪತ್ರೆ, ಅಲ್ಲಿಗೆ ಎಷ್ಟು ದೂರ, ರಾತ್ರಿ ಗಾಡಿ ಯಾರದ್ದು, ಇಷ್ಟಕ್ಕೂ ಥಟ್ಟನೆ ಉತ್ತರ ಬರಬೇಕು. ತಡವರಿಸಿದರೆ ನಾನಂತೂ ಕಳಿಸುವುದಿಲ್ಲ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಅದೇ ಥರ ಸೋಂಕಿನ ವಿಷಯ. ಚಿಕನ್‌ಪಾಕ್ಸ್, ದಡಾರ ನಿಮ್ಮ ಮಗಳಿಗೆ ಅಪಾಯ. ಚಿಕನ್‌ಪಾಕ್ಸ್ ತಗುಲಿದ ಮೇಲೆ ಮೈಮೇಲೆ ಗುಳ್ಳೆ ಕಾಣಿಸಲು 10ರಿಂದ 21 ದಿನ ಬೇಕು. ಹಾಗಾಗಿ ಒಳ್ಳೆಯ ಶಿಬಿರದವರು 'ಕಳೆದ ಮೂರು ವಾರದಲ್ಲಿ ಯಾರಿಗಾದರೂ ಗುಳ್ಳೆ ಎದ್ದಿತ್ತಾ?' ಎಂದು ಪ್ರತಿ ಮಗುವಿನ ಮನೆಯವರನ್ನೂ ಕೇಳುತ್ತಾರೆ. ಬಂದ ದಿನ ಜ್ವರ, ದದ್ದು ನೋಡಿಯೇ ಒಳಗೆ ಬಿಡುತ್ತಾರೆ. ಸ್ವಯಂಸೇವಕರ ಲಸಿಕೆಯ ದಾಖಲೆಯನ್ನೂ ಇಟ್ಟಿರುತ್ತಾರೆ. ಅವರ ಹಿನ್ನೆಲೆಯನ್ನು ಹೇಗೆ ವಿಚಾರಿಸಿದ್ದೀರಿ, ಮಗುವಿನ ಜೊತೆ ದೊಡ್ಡವರೊಬ್ಬರೇ ಇರುವ ಸಂದರ್ಭ ಬರುತ್ತದಾ ಎಂದು ಕೇಳಲು ಸಂಕೋಚ ಬೇಡ. ಸರಿಯಾದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದೊಂದು ಕಾಯಿಲೆಗೆ ಒಂದೊಂದು ಎಚ್ಚರಿಕೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ತಣ್ಣೀರಿನಲ್ಲಿ ಈಜಿದರೆ ನೋವು ಕೆರಳಬಹುದು, ಹಾಗಾಗಿ ಕೊಳದ ನೀರನ್ನು ಬೆಚ್ಚಗಿಡುತ್ತಾರೆ, ಪದೇ ಪದೇ ನೀರು ಕುಡಿಸುತ್ತಾರೆ. ಸಕ್ಕರೆ ಕಾಯಿಲೆಯ ಮಕ್ಕಳು ಶಿಬಿರದಲ್ಲಿ ಮನೆಗಿಂತ ಜಾಸ್ತಿ ಓಡಾಡುವುದರಿಂದ ಇನ್ಸುಲಿನ್ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ, ರಾತ್ರಿಯೂ ಸಕ್ಕರೆ ನೋಡುತ್ತಾರೆ. ಬಿಸಿಲು ಮೈಗೆ ಬಿದ್ದರೆ ಚರ್ಮ ಸುಟ್ಟು ಕ್ಯಾನ್ಸರ್‌ವರೆಗೆ ಹೋಗುವ ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆ ಇದೆ. ಆ ಮಕ್ಕಳಿಗಾಗಿ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಂಪ್ ಸನ್‌ಡೌನ್ ಎಂಬ ಶಿಬಿರ ಇದೆ. ಅಲ್ಲಿ ಹೊರಗಿನ ಆಟವೆಲ್ಲ ಸೂರ್ಯ ಮುಳುಗಿದ ಮೇಲೆ. ಶಿಬಿರವೇ ಬೇಡ ಎಂದು ತೀರ್ಮಾನ ಆದ ಕಾಯಿಲೆಯೂ ಇದೆ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗುವ ಹುಟ್ಟುಕಾಯಿಲೆ) ಇರುವ ಮಕ್ಕಳು ಒಟ್ಟಿಗೆ ಸೇರಿದರೆ ಶ್ವಾಸಕೋಶದ ಹಟಮಾರಿ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂದು ಗೊತ್ತಾದ ಮೇಲೆ, 1990ರ ದಶಕದಲ್ಲಿ ಅವರ ಶಿಬಿರಗಳು ನಿಂತುಹೋದವು. ಎಷ್ಟೋ ಮಕ್ಕಳಿಗೆ ಅದು ದೊಡ್ಡ ನಷ್ಟ. ಆದರೂ ನಿಲ್ಲಿಸಿದ್ದು ಸರಿ.

ನಿಮ್ಮ ಮಗಳ ವಿಷಯದಲ್ಲಿ ನಾನು ನೋಡುವುದು ಇಷ್ಟು. ಮೇಂಟೆನೆನ್ಸ್‌ನಲ್ಲಿ ಮರ್ಕ್ಯಾಪ್ಟೋಪ್ಯೂರಿನ್ ದಿನಾ, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ. ವಾರಕ್ಕೊಮ್ಮೆಯ ಮಾತ್ರೆಯನ್ನು ಯಾರಾದರೂ ದಿನಾ ಕೊಟ್ಟುಬಿಟ್ಟರೆ ಅನಾಹುತ. ಆದ್ದರಿಂದ 'ವಾರಕ್ಕೊಮ್ಮೆ' ಎಂದಷ್ಟೇ ಬರೆಯಬೇಡಿ, ವಾರದ ಯಾವ ದಿನ ಎಂದು ದೊಡ್ಡದಾಗಿ ಬರೆದು ನರ್ಸ್ ಕೈಗೇ ಕೊಡಿ. ಮೆಥೋಟ್ರೆಕ್ಸೇಟ್‌ನಿಂದ ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಟೋಪಿ, ಉದ್ದ ತೋಳಿನ ಬಟ್ಟೆ ಇರಲಿ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಡುತ್ತಿದ್ದರೆ ಪಾದ ಎತ್ತಿಡುವ ಶಕ್ತಿ ಕಡಿಮೆ ಇರಬಹುದು, ಎಡವುತ್ತಾಳಾ ನೋಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಹತ್ತುವ, ಬೀಳುವ ಆಟ ಬೇಡ. ಕೆಲವು ಚಿಕಿತ್ಸಾ ಕ್ರಮಗಳಲ್ಲಿ ಮಧ್ಯೆ ಮಧ್ಯೆ ಐದು ದಿನ ಸ್ಟಿರಾಯ್ಡ್ ಬರುತ್ತದೆ. ಆ ದಿನಗಳಲ್ಲಿ ಅವಳು ಹೇಗಿರುತ್ತಾಳೆ ಎಂದು ನಿಮಗೇ ಗೊತ್ತು: ಸುಮ್ಮಸುಮ್ಮನೆ ಅಳು, ಸಿಟ್ಟು, ತೀರದ ಹಸಿವು, ನಿದ್ದೆ ಇಲ್ಲ. ಶಿಬಿರ ಆ ವಾರಕ್ಕೆ ಬಿದ್ದರೆ ಶಿಬಿರದ್ದೂ ತಪ್ಪಲ್ಲ, ಅವಳದ್ದೂ ತಪ್ಪಲ್ಲ, ಆದರೆ ವಾರ ಹಾಳು.

ಇಷ್ಟೆಲ್ಲ ಕಷ್ಟಪಟ್ಟು ಅಲ್ಲಿ ಅವಳಿಗೆ ಸಿಗುವುದೇನು? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಬೇಡ ಅನ್ನುವ ಹಕ್ಕು. ಆಸ್ಪತ್ರೆಯಲ್ಲಿ ಅವಳು ಎಷ್ಟೇ ಬೇಡ ಎಂದರೂ ನಾವು ಸೂಜಿ ಹಾಕಿದ್ದೇವೆ. ಹಾಕಲೇಬೇಕಿತ್ತು. ಆದರೆ ಅದರಿಂದ ಮಗುವಿಗೆ 'ನನ್ನ ಮೈಮೇಲೆ ನನ್ನ ಮಾತು ನಡೆಯುವುದಿಲ್ಲ' ಎಂಬುದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಒಳ್ಳೆಯ ಶಿಬಿರಗಳಲ್ಲಿ ಯಾವ ಆಟವೂ ಕಡ್ಡಾಯ ಅಲ್ಲ. ಗೋಡೆ ಹತ್ತುವಾಗ ಎಲ್ಲಿಯವರೆಗೆ ಎಂದು ಮಗುವೇ ಹೇಳಬೇಕು. ಮೂರನೇ ಹಿಡಿಕೆ ಸಾಕು ಎಂದರೆ ಮೂರೇ. ಕೆಳಗಿರುವವರು 'ಇನ್ನೊಂದು, ಇನ್ನೊಂದು' ಎಂದು ಕೂಗುವಂತಿಲ್ಲ. ಮಾರನೇ ದಿನ ಅವಳಾಗಿಯೇ ಬಂದು ಐದನೆಯದಕ್ಕೆ ಹೋಗುತ್ತಾಳೆ, ಇಲ್ಲ ಹೋಗದೆಯೂ ಇರಬಹುದು. ಬ್ಯಾರೆಟ್ಸ್‌ಟೌನ್‌ನವರು ಇದನ್ನು ನಾಲ್ಕು ಹೆಜ್ಜೆ ಎಂದು ವಿವರಿಸುತ್ತಾರೆ: ಸವಾಲು, ಗೆಲುವು, ಅದರ ಬಗ್ಗೆ ಯೋಚನೆ, ತನ್ನಲ್ಲಿ ಏನೋ ಹೊಸದು ಕಂಡುಕೊಳ್ಳುವುದು. ಮೂರನೆಯ ಹೆಜ್ಜೆಯನ್ನು ಹಲವು ಶಿಬಿರಗಳು ಬಿಟ್ಟುಬಿಡುತ್ತವೆ. ರಾತ್ರಿ ಮಲಗುವ ಮೊದಲು 'ಇವತ್ತು ನಿನಗೆ ಕಷ್ಟ ಆಗಿದ್ದು ಯಾವುದು, ಹೇಗೆ ಮಾಡಿದೆ?' ಎಂದು ಕೇಳುವ ಆ ಹತ್ತು ನಿಮಿಷ ಇಲ್ಲದಿದ್ದರೆ ಅದು ಬರೀ ಮೋಜೇ. ಮೋಜೂ ಕೆಟ್ಟದ್ದೇನಲ್ಲ ಬಿಡಿ. ಎರಡು ವರ್ಷ ಮೋಜು ನೋಡದ ಮಗು ಅದು.

ಕೈಗೆ ಬರುವ ಕಲಿಕೆಯೂ ಇದೆ. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆ ಇರುವ ಮಕ್ಕಳು ರಕ್ತ ಹೆಪ್ಪುಗಟ್ಟಿಸುವ ಔಷಧವನ್ನು ತಮ್ಮ ರಕ್ತನಾಳಕ್ಕೆ ತಾವೇ ಚುಚ್ಚಿಕೊಳ್ಳಲು ಎಷ್ಟೋ ಸಲ ಮೊದಲು ಕಲಿಯುವುದು ಶಿಬಿರದಲ್ಲೇ. ಮನೆಯಲ್ಲಿ ಅಮ್ಮ ಎಷ್ಟು ಹೇಳಿದರೂ ಕೈ ಮುಂದೆ ಬರದ ಹುಡುಗ, ತನ್ನ ವಯಸ್ಸಿನವನೊಬ್ಬ ಚುಚ್ಚಿಕೊಂಡದ್ದನ್ನು ನೋಡಿ ತಾನೂ ಕೈ ಹಾಕುತ್ತಾನೆ.

ಇನ್ನು ಸಂಶೋಧನೆ ಏನು ಹೇಳುತ್ತದೆ? ಶಿಬಿರ ಮುಗಿಸಿ ಬಂದ ಮಕ್ಕಳಲ್ಲಿ ಆತ್ಮವಿಶ್ವಾಸ, ಬೇರೆಯವರ ಜೊತೆ ಬೆರೆಯುವುದು, ತನ್ನ ಕಾಯಿಲೆಯನ್ನು ನೋಡುವ ರೀತಿ ಇವೆಲ್ಲ ಸ್ವಲ್ಪ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. 'ಸ್ವಲ್ಪ' ಎಂಬ ಮಾತನ್ನು ಗಮನಿಸಿ. ಈ ಅಧ್ಯಯನಗಳಲ್ಲಿ ಬಹಳಷ್ಟು ಚಿಕ್ಕವು. ಶಿಬಿರಕ್ಕೆ ಮೊದಲು, ಆಮೇಲೆ ಪ್ರಶ್ನೆ ಕೇಳಿ ಹೋಲಿಸಿದವು. ಹೋಗದ ಮಕ್ಕಳ ಜೊತೆ ಹೋಲಿಸಿದ್ದು ಕಡಿಮೆ. ಕೆಲವು ತಿಂಗಳಾದ ಮೇಲೆ ಈ ಸುಧಾರಣೆ ಮೆಲ್ಲಗೆ ಇಳಿಯುವುದೂ ಉಂಟು. ಶಿಬಿರದಿಂದ ಕಾಯಿಲೆ ಬೇಗ ವಾಸಿಯಾಗುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಸಿಕ್ಕ ಸ್ನೇಹ ಮುಂದುವರಿದರೆ, ಮುಂದಿನ ವರ್ಷ ಮತ್ತೆ ಹೋದರೆ, ಮನೆಯಲ್ಲಿ ಅವಳನ್ನು ನೋಡುವ ರೀತಿ ಒಂದಿಷ್ಟು ಬದಲಾದರೆ ಲಾಭ ಉಳಿಯುತ್ತದೆ ಎಂಬುದು ನನ್ನ ಅನುಭವ.

ನಿಮ್ಮ ಭಯದೊಳಗೆ ಒಂದು ನಿಜವೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಶಿಬಿರದಲ್ಲಿ ಸಿಕ್ಕ ಗೆಳತಿಯ ಕಾಯಿಲೆ ಮರುಕಳಿಸಬಹುದು. ಅವಳು ತೀರಿಕೊಳ್ಳಲೂಬಹುದು. ಮುಂದುವರಿದ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಎಷ್ಟೋ ಕಡಿಮೆ. ಎಂದರೆ ಎಲ್ಲಿಯೂ ಎಲ್ಲರೂ ಅಲ್ಲ. ಇಂಥ ಸುದ್ದಿ ಬಂದಾಗ ನೀವು ಏನು ಮಾಡುತ್ತೀರಿ, ಮಕ್ಕಳಿಗೆ ಯಾರು ಹೇಳುತ್ತಾರೆ ಎಂದು ಶಿಬಿರದವರನ್ನು ಮೊದಲೇ ಕೇಳಿಡಿ. ಆದರೆ ಒಂದು ಮಾತು. ವಾರ್ಡಿನಲ್ಲಿ ಪಕ್ಕದ ಹಾಸಿಗೆ ಖಾಲಿಯಾದದ್ದನ್ನು ನಿಮ್ಮ ಮಗಳು ಈಗಾಗಲೇ ನೋಡಿರುತ್ತಾಳೆ. 'ಅವರು ಮನೆಗೆ ಹೋದರು' ಎಂದು ಯಾರೋ ಹೇಳಿರುತ್ತಾರೆ. ಅವಳು ಅದನ್ನು ನಂಬಿರುವುದಿಲ್ಲ, ನಂಬಿದಂತೆ ನಡೆದುಕೊಂಡಿರುತ್ತಾಳೆ. ಒಬ್ಬಳೇ ಅದನ್ನು ಹೊತ್ತುಕೊಳ್ಳುವುದಕ್ಕಿಂತ, ಮಾತಾಡಲು ಸಮವಯಸ್ಸಿನವರು ಇರುವುದು ವಾಸಿ ಅಲ್ವಾ?

ಮಗನ ವಿಷಯ. ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅದೇ ಜಾಸ್ತಿ ಕಾಡಿತು. ಕಾಯಿಲೆ ಇರುವ ಮಗುವಿನ ಒಡಹುಟ್ಟಿದವರು ಸಾಮಾನ್ಯವಾಗಿ 'ಒಳ್ಳೆಯ ಮಕ್ಕಳು' ಆಗಿಬಿಡುತ್ತಾರೆ. ಏನೂ ಕೇಳುವುದಿಲ್ಲ, ತೊಂದರೆ ಕೊಡುವುದಿಲ್ಲ, ತಟ್ಟೆ ತಾವೇ ತೊಳೆದಿಡುತ್ತಾರೆ. ಒಳಗೆ ಸಿಟ್ಟಿರುತ್ತದೆ, ಸಿಟ್ಟು ಬಂತಲ್ಲ ಎಂಬ ತಪ್ಪಿತಸ್ಥ ಭಾವನೆ ಇರುತ್ತದೆ. ಚಿಕ್ಕಂದಿನಲ್ಲಿ ತಂಗಿಗೆ ಹೊಡೆದಿದ್ದರಿಂದಲೇ ಹೀಗಾಯಿತೇನೋ ಎಂಬ ಯೋಚನೆಯೂ ಇರಬಹುದು. ನಗಬೇಡಿ, 13ರ ಹುಡುಗರಲ್ಲೂ ಇರುತ್ತದೆ. ಹಲವು ಶಿಬಿರಗಳು ಒಡಹುಟ್ಟಿದವರಿಗೆಂದೇ ಬೇರೆ ವಾರ ಇಡುತ್ತವೆ. ಸಿಕ್ಕರೆ ಅವನನ್ನು ಅದಕ್ಕೇ ಕಳಿಸಿ. ತಂಗಿಯನ್ನು ನೋಡಿಕೊಳ್ಳಲು ಜೊತೆಗೆ ಹೋಗು ಎಂದು ಮಾತ್ರ ಕಳಿಸಬೇಡಿ. ಆ ಕೆಲಸವನ್ನು ಅವನು ಮನೆಯಲ್ಲಿ ಮಾಡುತ್ತಲೇ ಇದ್ದಾನೆ. ಶಿಬಿರ ಸಿಗದಿದ್ದರೂ, ಮಗಳು ಅಲ್ಲಿರುವ ವಾರ ಮನೆಯಲ್ಲಿ ಅವನೊಬ್ಬನೇ ಇರುತ್ತಾನೆ. ಆ ವಾರವನ್ನು ಅವನಿಗೆ ಕೊಡಿ. ಕೂರಿಸಿಕೊಂಡು ವಿಚಾರಿಸುವುದು ಬೇಡ, ಅವನಿಗೆ ಇಷ್ಟವಾದದ್ದನ್ನು ಅವನ ಜೊತೆ ಮಾಡಿ ಸಾಕು.

ನಿಮಗಿಬ್ಬರಿಗೂ ಅದು ವಿಚಿತ್ರವಾದ ವಾರ. ಮೊದಲ ರಾತ್ರಿ ನಿದ್ದೆ ಬರುವುದಿಲ್ಲ, ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತದೆ. ಆಮೇಲೆ ಎಷ್ಟೋ ಅಪ್ಪ ಅಮ್ಮಂದಿರು ಸತ್ತಹಾಗೆ ನಿದ್ದೆ ಮಾಡುತ್ತಾರೆ. ಅದಕ್ಕೆ ನಾಚಿಕೊಳ್ಳಬೇಡಿ. ಯಜಮಾನರನ್ನು ವಾದದಿಂದ ಗೆಲ್ಲಲು ಹೋಗಬೇಡಿ. ಶಿಬಿರದ ವೈದ್ಯರಿಗೆ ಅವರೇ ಫೋನ್ ಮಾಡಲಿ, ಮೇಲೆ ಬರೆದ ಪ್ರಶ್ನೆಗಳನ್ನು ಅವರೇ ಕೇಳಲಿ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಕುಟುಂಬ ಶಿಬಿರ ಇದೆಯಾ ವಿಚಾರಿಸಿ. ಅಮೆರಿಕದ ಮೇನ್ ರಾಜ್ಯದ ಕ್ಯಾಂಪ್ ಸನ್‌ಶೈನ್ 1984ರಿಂದ ಇಡೀ ಕುಟುಂಬವನ್ನೇ ಒಟ್ಟಿಗೆ ಕರೆಯುತ್ತದೆ. ಬೇರೆ ಶಿಬಿರಗಳೂ ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ವಾರಾಂತ್ಯಕ್ಕೆ ಹೀಗೆ ಮಾಡುತ್ತವೆ. ಅಲ್ಲಿ ಅಪ್ಪಂದಿರು ವೃತ್ತದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಇಬ್ಬರು ಅಪ್ಪಂದಿರ ಕೈಗೆ ದೋಣಿ ನಡೆಸುವ ಹುಟ್ಟು ಕೊಟ್ಟು ಒಂದೇ ದೋಣಿಯಲ್ಲಿ ಕೂರಿಸಿದರೆ ದಡ ಮುಟ್ಟುವಷ್ಟರಲ್ಲಿ ಎಲ್ಲ ಹೇಳಿಕೊಂಡಿರುತ್ತಾರೆ.

ಮಗಳನ್ನು ತಯಾರು ಮಾಡುವುದು ಹೇಗೆ? ಮೊದಲು ಅವಳನ್ನು ಕೇಳಿ. ಅವಳಿಗೆ ಬೇಡವಾದರೆ ಈ ವರ್ಷ ಬೇಡ. ಮನೆ ಬಿಟ್ಟು ಮಲಗಿ ಬಹಳ ದಿನ ಆಗಿದ್ದರೆ ಹತ್ತಿರದವರ ಮನೆಯಲ್ಲಿ ಒಂದೆರಡು ರಾತ್ರಿ ಇದ್ದು ಬರಲಿ. 'ಬೇಜಾರಾದರೆ ಫೋನ್ ಮಾಡು, ತಕ್ಷಣ ಬಂದು ಕರೆದುಕೊಂಡು ಬರುತ್ತೇನೆ' ಎಂದು ಮಾತ್ರ ಹೇಳಬೇಡಿ. ಹೇಳಿದರೆ ಮೊದಲ ರಾತ್ರಿಯೇ ಅವಳ ಮನಸ್ಸು ಫೋನಿನ ಮೇಲಿರುತ್ತದೆ. ಹೆಚ್ಚಿನ ಮಕ್ಕಳಿಗೆ ಮನೆಯ ನೆನಪು ಮೊದಲ ಒಂದೆರಡು ದಿನ ಕಾಡುತ್ತದೆ, ಆಮೇಲೆ ಹಿಡಿತಕ್ಕೆ ಬರುತ್ತದೆ. ವಾಪಸ್ ಬಂದ ಮೇಲೆ ಎರಡು ಮೂರು ದಿನ ಮುಖ ಊದಿಸಿಕೊಂಡಿರಬಹುದು, ಮನೆ ಸಪ್ಪೆ ಅನಿಸಬಹುದು. ಮಾತ್ರೆ ನಾನೇ ತೆಗೆದುಕೊಳ್ಳುತ್ತೇನೆ ಅಂದರೆ ತೆಗೆದುಕೊಳ್ಳಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಡಬ್ಬಿ ಕಿತ್ತುಕೊಳ್ಳಬೇಡಿ.

ನೀವು ಬರೆದಷ್ಟನ್ನು ನೋಡಿದರೆ, ಅವಳ ಕೌಂಟ್ ಸ್ಥಿರವಾಗಿದ್ದರೆ, ಜ್ವರದ ಪ್ರಶ್ನೆಗೆ ಶಿಬಿರದವರ ಉತ್ತರ ಸರಿಯಾಗಿದ್ದರೆ, ನಾನು ಕಳಿಸಿ ಎಂದೇ ಹೇಳುತ್ತೇನೆ. ಆದರೆ ಕೊನೆಯ ಮಾತು ಅವಳ ಚಿಕಿತ್ಸೆ ನೋಡುತ್ತಿರುವ ವೈದ್ಯರದ್ದು. ಮುಂದಿನ ಸಲ ಹೋಗುವಾಗ ಶಿಬಿರದ ತಾರೀಕು ಬರೆದುಕೊಂಡು ಹೋಗಿ. ಸ್ಟಿರಾಯ್ಡ್ ದಿನಗಳು, ರಕ್ತ ಪರೀಕ್ಷೆಯ ದಿನ ಅದಕ್ಕೆ ಅಡ್ಡ ಬರುತ್ತವಾ ಎಂದು ಕೇಳಿ. ಹೊರಡುವ ಕೆಲವು ದಿನ ಮೊದಲು ಒಂದು ಕೌಂಟ್ ಮಾಡಿಸಿ, ಆ ರಿಪೋರ್ಟಿನ ಪ್ರತಿಯನ್ನು ಮಾತ್ರೆ ಪಟ್ಟಿಯ ಜೊತೆ ಇಡಿ.